ರಸ್ತೆ ಗುಂಡಿಗೆ ದೂರು ಕೊಡೋ ಮುಂಚೆ ಆ ರಸ್ತೆ ಯಾರದು ಅಂತ ನೋಡ್ಕೊಳ್ಳಿ

ನಮ್ಮನೆ ಹತ್ರ ತಿರುವಲ್ಲಿ ಒಂದು ಗುಂಡಿ ಇತ್ತು. ನಾಲ್ಕು ತಿಂಗಳು ಅದರ ಹಿಂದೆ ಬಿದ್ದಿದ್ದೆ ನಾನು, ವಾರಕ್ಕೊಂದು ಫೋನು, ಎರಡು ಸಲ ಆಪ್‌ನಲ್ಲಿ ಫೋಟೋ, ಎರಡೂ ಸಲ ‘ಪರಿಹರಿಸಲಾಗಿದೆ’ ಅಂತ ಮೆಸೇಜು ಬಂದು ದೂರು ಕ್ಲೋಸು, ಗುಂಡಿ ಮಾತ್ರ ಅಲ್ಲೇ. ಕೊನೆಗೆ ಒಂದಿನ ಬೆಳಿಗ್ಗೆ ನಾನು ಮತ್ತೆ ಫೋಟೋ ಹೊಡೀತಾ ನಿಂತಿದ್ದಾಗ ರಸ್ತೆ ಗುಡಿಸೋ ಅಕ್ಕ ನೋಡಿ ನಕ್ಕು, "ಅದು ಗುಂಡಿ ಅಲ್ಲ ಸಾ, ಒಳಗೆ ಚೇಂಬರ್ ಕುಸಿದೈತೆ, ನೀರಿನೋರಿಗೆ ಹೇಳಿ" ಅಂದ್ರು. ನಾಲ್ಕು ತಿಂಗಳು ನಾನು ಬಡೀತಿದ್ದಿದ್ದು ಪಕ್ಕದ ಮನೆ ಬಾಗಿಲು! ಸರಿಯಾದ ಕಡೆ ಹೇಳಿದ್ಮೇಲೆ ಒಂಬತ್ತೇ ದಿನದಲ್ಲಿ ಕೆಲಸ ಆಯ್ತು.

ಹಾಗಾಗಿ ನಾನು ಯಾರಿಗೆ ಹೇಳಿದ್ರೂ ಮೊದಲು ಹೇಳೋದು ಇದನ್ನೇ, ಬೈಯೋದು ಆಮೇಲೆ, ಮೊದಲು ಯಾರಿಗೆ ಬೈಬೇಕು ಅಂತ ಕಂಡುಹಿಡೀರಿ.

ರಸ್ತೆ ಯಾರದು?

ಇದೇ ಎಲ್ಲಕ್ಕಿಂತ ಮುಖ್ಯ, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಕೊರೀತೀನಿ.

ಬೆಂಗಳೂರಲ್ಲಿ ಇದ್ರೆ ಮನೆ ಮುಂದಿನ ರಸ್ತೆ, ವಾರ್ಡ್ ರಸ್ತೆ, ದೊಡ್ಡ ಮುಖ್ಯರಸ್ತೆಗಳು ಬಹುಪಾಲು ಪಾಲಿಕೆದೇ. ಆದ್ರೆ ಪಾಲಿಕೆ ಅಂದ್ರೆ ಈಗ ಯಾವುದು ಅನ್ನೋದೇ ಒಂದು ಪ್ರಶ್ನೆ, ಯಾಕಂದ್ರೆ 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿದೆ, ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಹಳೇ ವಾರ್ಡ್ ನಂಬರು ಬರೆದು ಅರ್ಜಿ ಕೊಟ್ರೆ ಅದು ಟೇಬಲ್ಲಿಂದ ಟೇಬಲ್ಲಿಗೆ ಊರು ಸುತ್ತತ್ತೆ. ಅರ್ಜಿ ಬರೆಯೋಕೆ ಮುಂಚೆ ನಿಮ್ಮ ರಸ್ತೆ ಯಾವ ಪಾಲಿಕೆ, ಯಾವ ವಾರ್ಡು ಅಂತ ಒಂದ್ಸಲ ನೋಡ್ಕೊಂಡ್ಬಿಡಿ. ಫೋನಲ್ಲಿ ಹೇಳೋದಾದ್ರೆ 1533 ನಂಬರು.

ಮೆಟ್ರೋ ಕೆಲಸ ನಡೀತಿರೋ ರಸ್ತೆ ಆದ್ರೆ ಬ್ಯಾರಿಕೇಡ್ ಹಾಕಿರೋ ಭಾಗ, ಅದರ ಅಕ್ಕಪಕ್ಕ, ಕೆಲಸ ಮುಗಿಯೋ ತನಕ ಸಾಮಾನ್ಯವಾಗಿ ಮೆಟ್ರೋ ನಿಗಮದ ತಲೆಮೇಲೆ. ನೀರಿನ ಪೈಪು, ಒಳಚರಂಡಿ ಮ್ಯಾನ್‌ಹೋಲ್ ಸುತ್ತ ಕುಸಿದಿದ್ರೆ ಜಲಮಂಡಳಿ, ನಂಬರು 1916. ಕೇಬಲ್ ಹಾಕೋಕೆ ಅಗೆದು ಮಣ್ಣು ಮುಚ್ಚಿ ಹೋಗಿದ್ರೆ ವಿದ್ಯುತ್ ಕಂಪನಿ ಇರಬಹುದು (1912), ಇಲ್ಲ ಇಂಟರ್ನೆಟ್ ಕಂಪನಿ ಇರಬಹುದು. ಗುರುತು ಹಿಡಿಯೋದು ಸುಲಭ, ಅಗೆತ ಉದ್ದಕ್ಕೆ ನೇರ ಗೆರೆ ಥರ ಇದ್ರೆ ಅದು ಯಾರೋ ಅಗೆದಿದ್ದು, ದುಂಡಗೆ ಮ್ಯಾನ್‌ಹೋಲ್ ಮುಚ್ಚಳದ ಸುತ್ತ ತಗ್ಗಿದ್ರೆ ಚೇಂಬರು, ಅಡ್ಡಾದಿಡ್ಡಿ ಆಕಾರದಲ್ಲಿ ಜಲ್ಲಿ ಎದ್ದಿದ್ರೆ ಅಸಲಿ ಗುಂಡಿ. ನನಗೆ ಈ ವಿದ್ಯೆ ಹೊಳೆಯೋಕೆ ನಾಲ್ಕು ತಿಂಗಳು ಬೇಕಾಯ್ತು ನೋಡಿ.

ಊರ ಕಡೆ ಲೆಕ್ಕ ಬೇರೆ. ರಾಷ್ಟ್ರೀಯ ಹೆದ್ದಾರಿ ಆದ್ರೆ ಮೈಲುಗಲ್ಲಿನ ತಲೆ ಹಳದಿ ಬಣ್ಣ, ರಾಜ್ಯ ಹೆದ್ದಾರಿ ಆದ್ರೆ ಹಸಿರು, ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ರಸ್ತೆ ಆದ್ರೆ ಕಿತ್ತಳೆ. ಹೆದ್ದಾರಿ ಪ್ರಾಧಿಕಾರದ ರಸ್ತೆಗೆ 1033ಕ್ಕೆ ಫೋನ್ ಮಾಡಿ, ಆ ನಂಬರು ಆಕ್ಸಿಡೆಂಟಿಗೆ ಮಾತ್ರ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಹಾಗೇನಿಲ್ಲ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆದು, ಅಂದ್ರೆ ನಮ್ಮಜ್ಜಿ ಬಾಯಲ್ಲಿ ಪೀಡಬ್ಲ್ಯೂಡಿ. ಹಳ್ಳಿಯಿಂದ ಹಳ್ಳಿಗೆ ಹೋಗೋ ರಸ್ತೆ ಸಾಮಾನ್ಯವಾಗಿ ಜಿಲ್ಲಾ ಪಂಚಾಯ್ತಿಯ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು, ಊರೊಳಗಿನ ಬೀದಿ ಗ್ರಾಮ ಪಂಚಾಯ್ತಿದು. ಪಟ್ಟಣ ಆದ್ರೆ ಪುರಸಭೆ, ಪಟ್ಟಣ ಪಂಚಾಯ್ತಿಯಲ್ಲಿ ಮುಖ್ಯಾಧಿಕಾರಿ ಹೆಸರಿಗೆ ಅರ್ಜಿ ಬರೀರಿ, ನಗರಸಭೆ ಆದ್ರೆ ಪೌರಾಯುಕ್ತರು.

ಎಲ್ಲಕ್ಕಿಂತ ತಲೆನೋವು ಯಾವುದು ಗೊತ್ತಾ, ಬೈಪಾಸ್ ಆದ ಊರುಗಳು. ಹೊಸ ಹೆದ್ದಾರಿ ಊರಾಚೆ ಹೋಗತ್ತೆ, ಊರೊಳಗಿನ ಹಳೇ ಹೆದ್ದಾರಿ ಯಾರದು ಅಂತ ಪತ್ರ ವ್ಯವಹಾರ ನಡೀತಾನೇ ಇರತ್ತೆ, ಪುರಸಭೆಯೋರು ‘ಇನ್ನೂ ನಮಗೆ ಹಸ್ತಾಂತರ ಆಗಿಲ್ಲ’ ಅಂತಾರೆ, ಹೆದ್ದಾರಿಯೋರು ‘ನಾವು ಬಿಟ್ಟುಕೊಟ್ಟಾಯ್ತು’ ಅಂತಾರೆ. ಅಂಥ ಕಡೆ ಒಂದೇ ದಾರಿ, ಇಬ್ಬರಿಗೂ ಒಂದೇ ಅರ್ಜಿ ಕೊಟ್ಟು ಪ್ರತಿಯನ್ನ ಜಿಲ್ಲಾಧಿಕಾರಿ ಕಚೇರಿಗೂ ಹಾಕಿ, ಆಗ ಒಬ್ಬರಾದ್ರೂ ‘ಇದು ನಮ್ಮದಲ್ಲ, ಅವರದು’ ಅಂತ ಬರವಣಿಗೆಯಲ್ಲಿ ಕೊಡ್ತಾರೆ, ನಮಗೆ ಬೇಕಾಗಿರೋದೂ ಅದೇ ಕಾಗದ.

ಫೋಟೋ ಹೇಗೆ ತೆಗೀಬೇಕು

ಬರೀ ಗುಂಡಿಯ ಕ್ಲೋಸಪ್ ಕಳಿಸಿದ್ರೆ ಅದು ಚಂದ್ರನ ಮೇಲಿನ ಫೋಟೋನೂ ಆಗಿರಬಹುದು. ಮೂರು ಫೋಟೋ ಸಾಕು. ಒಂದು ದೂರದಿಂದ, ಅಂಗಡಿ ಬೋರ್ಡೋ ದೇವಸ್ಥಾನವೋ ಏನಾದ್ರೂ ಗುರುತು ಕಾಣೋ ಹಾಗೆ. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಚಪ್ಪಲಿಯೋ ನೀರಿನ ಬಾಟ್ಲೋ ಇಟ್ಟು, ಅಳತೆ ಗೊತ್ತಾಗ್ಲಿ ಅಂತ. ಮೂರನೇದು ಹತ್ತಿರದ ಲೈಟ್ ಕಂಬದ ನಂಬರಿಂದು. ಈ ಕಂಬದ ನಂಬರು ಬಂಗಾರ ಇದ್ದಂಗೆ, ಯಾಕಂದ್ರೆ ‘ಜಾಗ ಸಿಗಲಿಲ್ಲ’ ಅಂತ ಬರೆದು ದೂರು ಮುಚ್ಚೋಕೆ ಆಗಲ್ಲ. ಫೋಟೋ ಮೇಲೆ ತಾರೀಕು, ಲೊಕೇಶನ್ ಬರೋ ಕ್ಯಾಮೆರಾ ಆಪ್ ಬೇಕಾದಷ್ಟಿವೆ, ಒಂದು ಹಾಕ್ಕೊಳ್ಳಿ. ದಯವಿಟ್ಟು ನಡುರಸ್ತೆಲಿ ಬಗ್ಗಿ ನಿಂತು ತೆಗೀಬೇಡಿ, ಭಾನುವಾರ ಬೆಳಿಗ್ಗೆ ಆರೂವರೆಗೆ ಹೋಗಿ, ಟ್ರಾಫಿಕ್ಕೂ ಇರಲ್ಲ, ಹಾಗೇ ಕಾಫಿನೂ ಆಗತ್ತೆ.

ಮಳೆ ಬಂದಾಗ ಒಂದು ವಿಡಿಯೋ ಮಾಡಿಟ್ಕೊಳ್ಳಿ, ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲತ್ತೆ ಅಂತ. ಯಾಕೆ ಅಂತ ಮುಂದೆ ಹೇಳ್ತೀನಿ.

ದೂರು ಬರೆಯೋದು

ಒಂದು ದೂರಿಗೆ ಒಂದೇ ಗುಂಡಿ. ‘ನಮ್ಮ ಏರಿಯಾ ಪೂರ್ತಿ ಹಾಳಾಗಿದೆ, ಟ್ಯಾಕ್ಸ್ ಕಟ್ಟೋದು ಯಾಕೆ’ ಅಂತ ಬರೆದ್ರೆ ಮನಸ್ಸಿಗೆ ಹಗುರ ಆಗತ್ತೆ ಅಷ್ಟೆ, ಎಲ್ಲೋ ಒಂದು ಕಡೆ ಒಂದು ಬುಟ್ಟಿ ಡಾಂಬರು ಹಾಕಿ ನಿಮ್ಮ ಇಡೀ ಏರಿಯಾದ ದೂರು ಮುಗಿಸಿಬಿಡ್ತಾರೆ. ನಾನು ಬರೆಯೋದು ಸುಮಾರು ಹೀಗೆ:

‘ಇಂಥಾ ವಾರ್ಡು, ಇಂಥಾ 4ನೇ ಅಡ್ಡರಸ್ತೆ, ಕಂಬ ನಂಬರ್ ಇಷ್ಟು, ಇಂಥಾ ಬೇಕರಿ ಎದುರು, ರಸ್ತೆಯ ಎಡಭಾಗದಲ್ಲಿ ಸುಮಾರು 3 ಅಡಿ ಅಗಲ, ಅರ್ಧ ಅಡಿ ಆಳದ ಗುಂಡಿ ಇದೆ. ಪಕ್ಕದ ಚರಂಡಿ ಬಾಯಿ ಮುಚ್ಚಿಹೋಗಿರುವುದರಿಂದ ನೀರು ಇಲ್ಲೇ ನಿಲ್ಲುತ್ತದೆ. ಗುಂಡಿ ಮುಚ್ಚುವ ಮೊದಲು ಚರಂಡಿ ಬಾಯಿ ತೆರವು ಮಾಡಬೇಕು. ಮುಚ್ಚಿದ ಮೇಲೆ ಫೋಟೋ ಸಹಿತ ಉತ್ತರ ನೀಡಬೇಕು.’

ಇಷ್ಟೇ. ಬೈಗುಳ ಬೇಡ. ಎಷ್ಟು ಮಕ್ಕಳು ಓಡಾಡ್ತಾರೆ, ಎಷ್ಟು ಜನ ಬಿದ್ರು ಅಂತ ನಿಜವಾಗ್ಲೂ ಗೊತ್ತಿದ್ರೆ ಒಂದು ಸಾಲು ಸೇರಿಸಿ. ದೂರಿನ ನಂಬರು ಬಂದ ತಕ್ಷಣ ಸ್ಕ್ರೀನ್‌ಶಾಟ್ ತೆಗೆದಿಡಿ. ಕೆಲಸ ಆಗದೇ ಕ್ಲೋಸ್ ಆದ್ರೆ ಹೊಸ ದೂರು ಕೊಡೋದಕ್ಕಿಂತ ಹಳೇ ನಂಬರನ್ನ ಹೇಳಿ ಮತ್ತೆ ತೆರೆಸೋದು ಮೇಲು, ಹೊಸ ದೂರು ಕೊಟ್ರೆ ಲೆಕ್ಕದಲ್ಲಿ ನಿಮ್ಮದು ಇವತ್ತಿನ ದೂರು, ಹಳೇದು ತೆರೆಸಿದ್ರೆ ನಾಲ್ಕು ತಿಂಗಳ ದೂರು, ಎರಡಕ್ಕೂ ವ್ಯತ್ಯಾಸ ಇದೆ.

ಆಪ್, ಫೋನು ಎಲ್ಲಾ ಆದ್ಮೇಲೂ ಒಂದ್ಸಲ ವಾರ್ಡ್ ಆಫೀಸಿಗೆ ಹೋಗಿ ಸಹಾಯಕ ಇಂಜಿನಿಯರ್ (ಎಇ) ಮುಖ ನೋಡ್ಕೊಂಡು ಬನ್ನಿ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಎಇಗಳು ಕೆಟ್ಟೋರಲ್ಲ, ಅವರ ಕೈಲಿ ಜನ ಇಲ್ಲ, ಮಿಕ್ಸ್ (ಡಾಂಬರು ಬೆರೆಸಿದ ಜಲ್ಲಿ) ಬರೋ ದಿನ ಅವರ ಕೈಲಿಲ್ಲ. "ಸಾರ್, ಮಿಕ್ಸ್ ಯಾವತ್ತು ಬರತ್ತೆ ನಮ್ಮ ಕಡೆಗೆ, ನಾನೇ ಬಂದು ಜಾಗ ತೋರಿಸ್ತೀನಿ" ಅಂತ ಕೇಳಿ. ಈ ಒಂದು ಮಾತಿಗೆ ಆಗಿರೋಷ್ಟು ಕೆಲಸ ನನಗೆ ಹತ್ತು ಟ್ವೀಟಿಗೂ ಆಗಿಲ್ಲ.

ಮುಚ್ಚಿದ ಗುಂಡಿ ಯಾಕೆ ಮತ್ತೆ ಬಾಯಿ ಬಿಡತ್ತೆ

ಡಾಂಬರಿಗೆ ಶತ್ರು ಅಂದ್ರೆ ನೀರು. ಸಣ್ಣ ಬಿರುಕಲ್ಲಿ ನೀರು ಇಳಿಯತ್ತೆ, ಮೇಲೆ ಬಸ್ಸು ಲಾರಿ ಹೋದಾಗ ಆ ನೀರು ಒತ್ತಡಕ್ಕೆ ಸಿಕ್ಕಿ ಜಲ್ಲಿಗೆ ಅಂಟಿದ ಡಾಂಬರನ್ನ ಬಿಡಿಸತ್ತೆ, ಕೆಳಗಿನ ಮಣ್ಣು ಮೆತ್ತಗಾಗತ್ತೆ, ಒಂದಿನ ಕುಸಿಯತ್ತೆ. ಅದಕ್ಕೇ ಚರಂಡಿ ಸರಿ ಮಾಡದೆ ಗುಂಡಿ ಮುಚ್ಚೋದು ಅಂದ್ರೆ ನಲ್ಲಿ ನಿಲ್ಲಿಸದೆ ನೆಲ ಒರೆಸಿದಂಗೆ. ಮಳೆಲಿ ವಿಡಿಯೋ ಮಾಡಿಟ್ಕೊಳ್ಳಿ ಅಂದಿದ್ದೂ ಇದಕ್ಕೇ.

ಸರಿಯಾಗಿ ಮುಚ್ಚೋದು ಹೇಗೆ ಅಂತ ತಿಳ್ಕೊಂಡಿರಿ, ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡೋಕೆ ಬೇಕಾಗತ್ತೆ. ಗುಂಡಿ ಅಂಚನ್ನ ಚೌಕವಾಗಿ, ನೇರವಾಗಿ ಕತ್ತರಿಸಬೇಕು. ಒಳಗಿನ ಸಡಿಲ ಜಲ್ಲಿ, ಕೆಸರು, ನೀರು ಎಲ್ಲಾ ತೆಗೆದು ಗುಡಿಸಿ ಒಣಗಿಸಬೇಕು. ತಳಕ್ಕೂ ಅಂಚಿಗೂ ತೆಳ್ಳಗೆ ಡಾಂಬರಿನ ಎಮಲ್ಷನ್ ಹೊಡೀಬೇಕು, ಇದು ಗೋಂದು ಇದ್ದಂಗೆ, ಇದಿಲ್ದೇ ಹಾಕಿದ್ರೆ ಇಡ್ಲಿ ತಟ್ಟೆಗೆ ಎಣ್ಣೆ ಸವರಿದಂಗೆ ಪೂರ್ತಿ ತುಂಡು ಎದ್ದು ಬರತ್ತೆ. ಆಮೇಲೆ ಬಿಸಿ ಮಿಕ್ಸ್, ಆಳ ಇದ್ರೆ ಒಂದೇ ಸಲ ಸುರಿಯದೆ ಪದರ ಪದರವಾಗಿ ಹಾಕಿ ಪ್ರತಿ ಪದರವನ್ನೂ ರೋಲರ್‌ನಿಂದಲೋ ಕೈ ಮೆಷಿನ್ನಿಂದಲೋ ತುಳಿಸಬೇಕು. ಮಿಕ್ಸ್ ಬರೋವಾಗ ಹೊಗೆ ಆಡ್ತಿರಬೇಕು, ತಣ್ಣಗಾಗಿದ್ರೆ ಅದು ಕೂರಲ್ಲ. ಮಳೆಗಾಲದಲ್ಲಿ ತಣ್ಣನೆ ಮಿಕ್ಸ್ ಅಂತ ಬೇರೆ ಬರತ್ತೆ, ಅದು ತಾತ್ಕಾಲಿಕಕ್ಕೆ ಪರವಾಗಿಲ್ಲ, ತಪ್ಪೇನಲ್ಲ. ಆದ್ರೆ ಕಟ್ಟಡ ಒಡೆದ ಇಟ್ಟಿಗೆ ಚೂರು, ಮಣ್ಣು ತಂದು ಸುರಿದು ಹೋದ್ರೆ ಅದು ರಿಪೇರಿ ಅಲ್ಲ, ಫೋಟೋ ತೆಗೆದು ಅವತ್ತೇ ದೂರಿಗೆ ಸೇರಿಸಿ.

ಗ್ಯಾರಂಟಿ ಇರೋ ರಸ್ತೆ

ಇದು ತುಂಬಾ ಜನಕ್ಕೆ ಗೊತ್ತಿಲ್ದಿರೋ ವಿಷಯ. ಹೊಸದಾಗಿ ಹಾಕಿದ ರಸ್ತೆಗೆ ದೋಷ ಹೊಣೆಗಾರಿಕೆ ಅವಧಿ ಅಂತ ಇರತ್ತೆ, ಆಫೀಸಲ್ಲಿ ಡಿಎಲ್‌ಪಿ ಅಂತಾರೆ. ಆ ಅವಧಿಯೊಳಗೆ ರಸ್ತೆ ಕಿತ್ತುಹೋದ್ರೆ ಗುತ್ತಿಗೆದಾರನೇ ಸ್ವಂತ ಖರ್ಚಲ್ಲಿ ಸರಿ ಮಾಡ್ಕೊಡಬೇಕು, ನಮ್ಮ ನಿಮ್ಮ ತೆರಿಗೆ ದುಡ್ಡು ಮತ್ತೆ ಹಾಕೋ ಹಾಗಿಲ್ಲ. ಗ್ರಾಮ ಸಡಕ್ ಯೋಜನೆ ರಸ್ತೆಗೆ ಇದು 5 ವರ್ಷ, ರಸ್ತೆ ಶುರುವಲ್ಲಿ ನಿಂತಿರೋ ಬೋರ್ಡಲ್ಲೇ ಉದ್ದ, ವೆಚ್ಚ, ಗುತ್ತಿಗೆದಾರರ ಹೆಸರು ಬರೆದಿರ್ತಾರೆ, ಅದರ ಫೋಟೋ ತೆಗೆದು ಮೇರಿ ಸಡಕ್ ಆಪ್‌ನಲ್ಲಿ ಹಾಕಬಹುದು. ಬೇರೆ ರಸ್ತೆಗಳಿಗೆ ಅವಧಿ ಟೆಂಡರ್ ಮೇಲೆ ಹೋಗತ್ತೆ, ಹಾಗಾಗಿ ಕೇಳಿ ತಿಳ್ಕೋಬೇಕು.

ಕೇಳೋದು ಹೇಗೆ ಅಂದ್ರೆ ಮಾಹಿತಿ ಹಕ್ಕು. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಇಟ್ಟು ಕಳಿಸಬಹುದು, ಆನ್‌ಲೈನ್‌ನಲ್ಲೂ ಹಾಕಬಹುದು. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಕಥೆ ಬರೆದ್ರೆ ಅದೇ ನೆಪಕ್ಕೆ ವಾಪಸ್ ಬರತ್ತೆ. ಕೇಳಬೇಕಾಗಿದ್ದು ಇಷ್ಟು, ಇಲ್ಲಿಂದ ಇಲ್ಲಿವರೆಗಿನ ಈ ರಸ್ತೆಗೆ ಕಳೆದ 5 ವರ್ಷದಲ್ಲಿ ಮಾಡಿದ ಕಾಮಗಾರಿಗಳ ಪಟ್ಟಿ, ಕಾಮಗಾರಿ ಸಂಖ್ಯೆ, ಗುತ್ತಿಗೆದಾರರ ಹೆಸರು, ಮುಗಿದ ದಿನಾಂಕ, ಡಿಎಲ್‌ಪಿ ಮುಗಿಯೋ ದಿನಾಂಕ, ಅಳತೆ ಪುಸ್ತಕದ (ಎಷ್ಟು ಕೆಲಸ ಆಗಿದೆ ಅಂತ ಅಳೆದು ಬರೆಯೋ ಪುಸ್ತಕ) ಪ್ರತಿ. ‘ಯಾಕೆ ಸರಿ ಮಾಡಿಲ್ಲ’ ಅಂತ ಕೇಳಬೇಡಿ, ಅದು ಮಾಹಿತಿ ಅಲ್ಲ, ಜಗಳ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ರೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲನೇ ಮೇಲ್ಮನವಿ. ತಮಾಷೆ ಏನಂದ್ರೆ ಎಷ್ಟೋ ಸಲ ಅರ್ಜಿ ತಲುಪಿದ ವಾರದಲ್ಲೇ ರಸ್ತೆ ರಿಪೇರಿ ಆಗಿಬಿಡತ್ತೆ, ಉತ್ತರ ಆಮೇಲೆ ಬರತ್ತೆ.

ಹಳ್ಳಿಗಳಲ್ಲಿ ಈಗ ದೊಡ್ಡ ಗೋಳು ಮನೆಮನೆಗೆ ನಲ್ಲಿ ಹಾಕೋಕೆ ಅಗೆದ ಸಿಮೆಂಟ್ ರಸ್ತೆಗಳದ್ದು. ಅಗೆದ ರಸ್ತೆ ಮೊದಲಿನ ಹಾಗೆ ಮಾಡೋ ಖರ್ಚು ಸಾಮಾನ್ಯವಾಗಿ ಆ ಕಾಮಗಾರಿಯ ಎಸ್ಟಿಮೇಟಲ್ಲೇ ಇರತ್ತೆ. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ರ ಆ ಎಸ್ಟಿಮೇಟ್ ಕೇಳಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ, ಹೇಳಿದ್ದನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆಸದೇ ಬಂದ್ರೆ ನೀವು ಸಭೆಗೆ ಹೋಗಿ ಉಪ್ಪಿಟ್ಟು ತಿಂದು ಬಂದಂಗೆ.

ಸಿಗ್ನಲ್ಲು, ಹಂಪು, ಬೋರ್ಡು

ಬೆಂಗಳೂರಲ್ಲಿ ಸಿಗ್ನಲ್ ದೀಪ ನೋಡ್ಕೊಳ್ಳೋದು ಸಂಚಾರ ಪೊಲೀಸರು, ಬೀದಿ ದೀಪ, ರಸ್ತೆ ಮೇಲಿನ ಬಿಳಿ ಪಟ್ಟೆ, ಜೀಬ್ರಾ, ಫುಟ್‌ಪಾತ್ ಪಾಲಿಕೆದು. ಸಿಗ್ನಲ್ ಕಾಣದಂಗೆ ಮರದ ಕೊಂಬೆ ಬಂದಿದ್ರೆ ಅದು ಮತ್ತೆ ಪಾಲಿಕೆಯ ಅರಣ್ಯ ವಿಭಾಗ, ನೀವೇ ಕತ್ತಿ ಹಿಡ್ಕೊಂಡು ಹೋಗಬೇಡಿ, ಕೇಸಾಗತ್ತೆ. ಸಿಗ್ನಲ್ ಟೈಮಿಂಗ್ ಸರಿಯಿಲ್ಲ ಅನ್ಸಿದ್ರೆ ಸುಮ್ನೆ ‘ತುಂಬಾ ಹೊತ್ತು’ ಅಂತ ಬರೀಬೇಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಸಲ ನಿಂತು ಹಸಿರು ಎಷ್ಟು ಸೆಕೆಂಡು, ಕೆಂಪು ಎಷ್ಟು, ಒಂದು ಹಸಿರಿಗೆ ಸಾಲು ಖಾಲಿ ಆಗತ್ತಾ ಅಂತ ಬರ್ಕೊಂಡು ಸಂಚಾರ ಠಾಣೆಗೆ ಕೊಡಿ. ದಾಟೋಕೆ ಅಜ್ಜಿ ಒಬ್ಬರಿಗೆ ಎಷ್ಟು ಹೊತ್ತು ಬೇಕು ಅನ್ನೋದನ್ನೂ ಅಳೀರಿ, ಅದನ್ನ ಯಾರೂ ಅಳೆಯಲ್ಲ.

ಹಂಪಿನ ವಿಷಯಕ್ಕೆ ಬಂದ್ರೆ, ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಪಕ್ಷ ಅಲ್ಲ, ರಸ್ತೆಗಳ ಮಾನದಂಡ ಹೇಳೋ ಸಂಸ್ಥೆ) ಲೆಕ್ಕದ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಮೇಲೆ ದುಂಡಗೆ, ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟೋ ಹಾಗೆ. ನಮ್ಮ ಬೀದಿಗಳಲ್ಲಿ ಇರೋದು ಯಾವನೋ ರಾತ್ರೋರಾತ್ರಿ ಸಿಮೆಂಟ್ ಕಲಸಿ ಹಾಕಿದ ದಿಂಬು. ಟೇಪ್ ತಗೊಂಡು ಅಳೆದು, ಬಣ್ಣ ಇದೆಯಾ, ಮುಂಚೆ ಎಚ್ಚರಿಕೆ ಬೋರ್ಡ್ ಇದೆಯಾ ಅಂತ ನೋಡಿ ಬರೀರಿ. ಆದ್ರೆ ಶಾಲೆ ಮುಂದಿನ ಹಂಪು ತೆಗೆಸೋಕೆ ಹೋಗಬೇಡಿ, ಸರಿ ಮಾಡಿಸಿ.

ಸೇತುವೆ, ಫ್ಲೈಓವರ್, ಅಂಡರ್‌ಪಾಸ್

ಗುಂಡಿ ಕಾಣತ್ತೆ, ಸೇತುವೆ ಕಾಯಿಲೆ ಕಾಣಲ್ಲ, ಅದೇ ಭಯ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿ ಮೇಲಿನ ಹಳೇ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು, ಡ್ರೈವರ್ ಬದುಕಿದ್ದೇ ಪುಣ್ಯ. ಬಂಟ್ವಾಳ ಕಡೆಯ ಮೂಲರಪಟ್ನ ಸೇತುವೆ 2018ರ ಜೂನ್‌ನಲ್ಲಿ ಬಿತ್ತು, ಸುತ್ತಮುತ್ತ ಮರಳು ತೆಗೆದಿದ್ದೇ ಕಾರಣ ಅಂತ ಊರವರು ದೂರಿದ್ರು. ಪೀಣ್ಯ ಫ್ಲೈಓವರ್‌ನ 2021ರ ಡಿಸೆಂಬರ್‌ನಲ್ಲಿ ಮುಚ್ಚಿದ್ದು 102-103ನೇ ಕಂಬದ ನಡುವೆ ಫ್ಲೈಓವರ್‌ನ ಬಿಗಿ ಹಿಡಿಯೋ ಉಕ್ಕಿನ ಕೇಬಲ್ ಕೆಟ್ಟಿದ್ದಕ್ಕೆ, ಸುಮಾರು ಎರಡು ತಿಂಗಳಾದ್ಮೇಲೆ ಕಾರು ಬೈಕಿಗೆ ಬಿಟ್ರು, ಲಾರಿ ಬಸ್ಸಿಗೆ ಬಿಡೋಕೆ 2024ರ ಜುಲೈ ಆಯ್ತು. ಆಗೆಲ್ಲಾ ಜನ ಬೈದಿದ್ದು ಬಿಬಿಎಂಪಿಗೆ, ಆ ಫ್ಲೈಓವರ್ ಇದ್ದಿದ್ದು ಹೆದ್ದಾರಿ ಪ್ರಾಧಿಕಾರದ ಕೈಲಿ. ನೋಡಿ, ಮತ್ತೆ ಅದೇ ಕಥೆ.

ನಾವು ಇಂಜಿನಿಯರ್ ಅಲ್ಲ, ಆದ್ರೂ ಕೆಲವು ನಮ್ಮ ಕಣ್ಣಿಗೂ ಬೀಳತ್ತೆ. ಗೋಡೆ ಸಂದಿಯಲ್ಲಿ ಅರಳಿ ಗಿಡ ಹುಟ್ಟಿದ್ರೆ ಸಣ್ಣದು ಅಂತ ಬಿಡಬೇಡಿ, ಬೇರು ಕಲ್ಲನ್ನ ಸೀಳತ್ತೆ. ಮೇಲಿನ ನೀರು ಇಳಿಯೋ ತೂತು ಕಟ್ಟಿಕೊಂಡಿದೆಯಾ, ಸೇತುವೆ ತುಂಡುಗಳ ನಡುವಿನ ಜಾಯಿಂಟ್ ಬಾಯಿ ಬಿಟ್ಟಿದೆಯಾ ಅಥವಾ ಗಾಡಿ ಹೋದಾಗ ಧಡ್ ಅಂತ ಸದ್ದು ಹೊಸದಾಗಿ ಶುರುವಾಗಿದೆಯಾ, ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಂಬಿ ಕಾಣ್ತಿದೆಯಾ, ಮಳೆಗಾಲ ಕಳೆದ್ಮೇಲೆ ಕಂಬದ ಬುಡದ ಮಣ್ಣು ಕೊಚ್ಚಿ ಹೋಗಿದೆಯಾ. ಇಂಥದ್ದು ಕಂಡ್ರೆ ದಡದಿಂದ ಜೂಮ್ ಮಾಡಿ ಫೋಟೋ ತೆಗೀರಿ, ಕೆಳಗಿಳಿಯೋ ಸಾಹಸ ಬೇಡ. ಇದನ್ನ ಆಪ್‌ನಲ್ಲಿ ಹಾಕಿ ಕೂರಬೇಡಿ, ಕಾರ್ಯಪಾಲಕ ಇಂಜಿನಿಯರ್‌ಗೆ ನೇರ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸೇತುವೆ ತೂಗಾಡ್ತಿದೆ, ಒಂದು ಕಡೆ ಕುಸಿದಿದೆ ಅನ್ನೋಷ್ಟು ಆಗಿದ್ರೆ ಅರ್ಜಿಯೆಲ್ಲಾ ಆಮೇಲೆ, ಮೊದಲು 112.

ಅಂಡರ್‌ಪಾಸಿಗೆ ಏಪ್ರಿಲ್‌ನಲ್ಲೇ ದೂರು ಕೊಡಿ, ಜಾಲರಿ ಕಸ ತೆಗೆಸಿ, ಪಂಪು ಓಡತ್ತಾ ನೋಡಿ ಅಂತ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಲ್ಲಿ ನೀರು ತುಂಬಿ ಕಾರಲ್ಲಿದ್ದ ಯುವತಿ ತೀರಿಹೋದ್ರು. ಅದು ವಿಧಾನಸೌಧದಿಂದ ಕೂಗಳತೆ ದೂರ. ಮಳೆಲಿ ನೀರು ನಿಂತ ಅಂಡರ್‌ಪಾಸಿಗೆ ಎಷ್ಟೇ ಅರ್ಜೆಂಟ್ ಇದ್ರೂ ಗಾಡಿ ಇಳಿಸಬೇಡಿ.

ಯಾರೂ ಕೇಳ್ತಿಲ್ಲ ಅಂದ್ರೆ

ಎಇ ಮೇಲೆ ಸಹಾಯಕ ಕಾರ್ಯಪಾಲಕ ಇಂಜಿನಿಯರ್ (ಎಇಇ), ಅವರ ಮೇಲೆ ಕಾರ್ಯಪಾಲಕ ಇಂಜಿನಿಯರ್ (ಇಇ), ಮೆಟ್ಟಿಲು ಬಿಡದೆ ಹತ್ತಿ, ಮೇಲಿನವರ ಹತ್ರ ಹೋದಾಗ ‘ಕೆಳಗೆ ಕೊಟ್ಟಿದ್ದೀರಾ’ ಅಂತಾನೇ ಕೇಳೋದು. ಆಮೇಲೆ ರಾಜ್ಯ ಸರ್ಕಾರದ ಜನಸ್ಪಂದನ, 1902, ಇದು ಎಲ್ಲಾ ಇಲಾಖೆಗೂ ಆಗತ್ತೆ. ಕೆಲಸ ಮಾಡದೇ ಬಿಲ್ ಆಗಿದೆ ಅಂತ ಅಳತೆ ಪುಸ್ತಕದಲ್ಲೇ ಸಿಕ್ಕಿದ್ರೆ ಲೋಕಾಯುಕ್ತ, ಅಲ್ಲಿ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ. ಬರೀ ಅನುಮಾನ ಇಟ್ಕೊಂಡು ಅಲ್ಲಿಗೆ ಹೋಗಬೇಡಿ.

ಗುಂಡಿಯಿಂದ ಬಿದ್ದು ಏಟಾಗಿದ್ರೆ ಆಸ್ಪತ್ರೆಲಿ ‘ಗಾಡಿಯಿಂದ ಬಿದ್ದೆ’ ಅಂತ ಮಾತ್ರ ಬರೆಸಬೇಡಿ, ‘ಇಂಥಾ ರಸ್ತೆಯ ಗುಂಡಿಗೆ ಬಿದ್ದು’ ಅಂತ ಬರೆಸಿ, ಪೊಲೀಸ್ ದೂರಲ್ಲೂ ಅದೇ ಇರಲಿ, ಅವತ್ತೇ ಯಾರಿಗಾದ್ರೂ ಹೇಳಿ ಗುಂಡಿ ಫೋಟೋ ತೆಗೆಸಿ, ಯಾಕಂದ್ರೆ ಮಾರನೇ ದಿನ ಅದು ಮುಚ್ಚಿರತ್ತೆ. ಒಳ್ಳೇ ರಸ್ತೆ ಅನ್ನೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ, ಹಾನಿ ಆದ್ರೆ ಪರಿಹಾರ ಕೇಳಬಹುದು ಅಂತ ಕರ್ನಾಟಕ ಹೈಕೋರ್ಟ್ 2019ರಲ್ಲೇ ಹೇಳಿದೆ. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ 198ಎ ಅಂತ ಸೆಕ್ಷನ್ ಬಂತು, ರಸ್ತೆ ವಿನ್ಯಾಸ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದ್ರೆ ಹೊಣೆಗಾರ ಪ್ರಾಧಿಕಾರಕ್ಕೋ ಗುತ್ತಿಗೆದಾರನಿಗೋ 1 ಲಕ್ಷ ರೂಪಾಯಿವರೆಗೆ ದಂಡ. ಈ ದಾರಿ ಉದ್ದ ಇದೆ, ವಕೀಲರು ಬೇಕು, ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು.

ಇನ್ನೊಂದು, ಗುಂಡಿ ಮುಚ್ಚಿದ ದಿನ ಖುಷಿಲಿ ದೂರು ಮುಗಿದಿದೆ ಅಂತ ಒಪ್ಪಿಗೆ ಒತ್ತಬೇಡಿ. ಒಂದೆರಡು ದಿನ ಬಿಟ್ಟು ಹೋಗಿ, ಒಂದು ಬಕೆಟ್ ನೀರು ಸುರೀರಿ. ಚರಂಡಿ ಕಡೆ ಹರಿದ್ರೆ ಸರಿ. ಅಲ್ಲೇ ನಿಂತ್ರೆ ಫೋಟೋ ತೆಗೆದು, ಹಳೇ ನಂಬರಿಗೇ ಮತ್ತೆ ಹಾಕಿ.